ಎಎಂಟಿ ಕಿಟ್ ಬದಲಿಸದೆ ಕಾರು ಉಳಿಸಿಕೊಂಡ ಬಗೆ: ನನ್ನ ಅನುಭವ

ತುಮಕೂರಿನ ಶಿರಾ ಗೇಟ್ ಬಳಿ ಗ್ಯಾರೇಜ್ ನಡೆಸುತ್ತಿರುವ ನಾನು ಇದುವರೆಗೆ ಹನ್ನೊಂದು ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ) ಕಾರುಗಳನ್ನು, ಗೇರ್ ಬದಲಿಸುವ ಆ ಸಾಧನದ ಪೂರ್ತಿ ಕಿಟ್ ಬದಲಿಸದೆಯೇ ರಸ್ತೆಗೆ ಇಳಿಸಿದ್ದೇನೆ. ನನ್ನ ತಪ್ಪು ಪ್ರಯತ್ನಗಳನ್ನು ಬಿಟ್ಟರೆ, ಸರಿಪಡಿಸಿ ಕಳಿಸಿದ ಮೇಲೆ ಅವುಗಳಲ್ಲಿ ಒಂದು ಮಾತ್ರ ಮರಳಿ ಬಂದಿತು. "ಅದು ನಮ್ಮಂಥವರು ಮುಟ್ಟುವ ಕೆಲಸವಲ್ಲ, ಹೊಸ ಕಿಟ್ ಹಾಕಿಸಿಕೊಳ್ಳಲು ಹೇಳಿ ಕಳಿಸಿಬಿಡು" ಎಂದು ಇದೇ ರಸ್ತೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಒಂದು ವರ್ಷವಿಡೀ ಹೇಳುತ್ತಲೇ ಇದ್ದುದರಿಂದ ಇದನ್ನು ಬರೆಯಬೇಕೆನಿಸಿತು.

ಮೊದಲ ಕಾರು ಗುಬ್ಬಿಯ ಶಿಕ್ಷಕಿಯೊಬ್ಬರದು. ಸುಮಾರು 85,000 ಕಿಲೋಮೀಟರ್ ಓಡಿತ್ತು. ಕ್ಯಾತ್ಸಂದ್ರದ ವಾಹನ ದಟ್ಟಣೆಯಲ್ಲಿ ಇದ್ದಕ್ಕಿದ್ದಂತೆ ನ್ಯೂಟ್ರಲ್‌ಗೆ ಬಿದ್ದು, ಎಂಜಿನ್ ಮೊರೆದರೂ ಮುಂದೆ ಹೋಗುತ್ತಿರಲಿಲ್ಲ. ಕಿಟ್, ಕ್ಲಚ್ ಸೆಟ್ ಮತ್ತು ಕೂಲಿ ಸೇರಿ ಎಪ್ಪತ್ತೈದು ಸಾವಿರದ ಅಂದಾಜು ಪಟ್ಟಿಯನ್ನು ಅವರು ಬೇರೆಡೆಯಿಂದ ತಂದಿದ್ದರು. ಕಾರು ಮಾರಿದರೆ ಎರಡು ಲಕ್ಷವೂ ಬರುತ್ತಿರಲಿಲ್ಲ.

ಗೇರ್ ಬದಲಿಸುವ ಎಣ್ಣೆಗೆ ಒತ್ತಡ ಕೊಡುವ ಪಂಪಿನ ರಿಲೇ (ಅದಕ್ಕೆ ವಿದ್ಯುತ್ ಹರಿಸುವ ಸ್ವಿಚ್) ಸುಟ್ಟಿರುವುದನ್ನು ಕಂಡು ಮುನ್ನೂರೈವತ್ತು ರೂಪಾಯಿಯ ಹೊಸ ರಿಲೇ ಹಾಕಿದೆ. ಹನ್ನೆರಡನೆಯ ದಿನ ಕಾರು ದಾಬಸ್‌ಪೇಟೆಯಲ್ಲಿ ನಿಂತಿತು. ಎಳೆದು ತರಿಸಿದ ಮೂರೂವರೆ ಸಾವಿರ ನನ್ನ ಕೈಯಿಂದಲೇ ಹೋಯಿತು. ಬಳಿಕ ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಹದಿನಾಲ್ಕು ಸಾವಿರಕ್ಕೆ ಹಳೆಯ ಪವರ್ ಪ್ಯಾಕ್ (ಪಂಪ್ ಮತ್ತು ಎಣ್ಣೆಯ ಒತ್ತಡ ಕೂಡಿಡುವ ಭಾಗ ಒಟ್ಟಿಗಿರುವ ಜೋಡಣೆ) ತಂದು ಕೂರಿಸಿದೆ. ಮೂರು ತಿಂಗಳಿಗೆ ಅದೇ ರೋಗ ಮರುಕಳಿಸಿತು. ಮೂರನೆಯ ಸಲ ಪಂಪ್ ಮೋಟರ್ ಬಿಚ್ಚಿದಾಗ ಒಳಗೆಲ್ಲ ಕಾಡಿಗೆಯಂತಹ ಕಪ್ಪು ಪುಡಿಯಿದ್ದು, ಮೋಟರಿಗೆ ವಿದ್ಯುತ್ ಮುಟ್ಟಿಸುವ ಬ್ರಷ್‌ಗಳು ಸವೆದು ಉಗುರಿನಷ್ಟೇ ಉಳಿದಿದ್ದವು. ಬೈಕಿನ ಸ್ಟಾರ್ಟರ್ ಬ್ರಷ್‌ಗಳನ್ನು ಅರದಿಂದ ಉಜ್ಜಿ ಅಳತೆಗೆ ತಂದು ಹಾಕಿದೆ. ಒಂದು ತಿಂಗಳು ಓಡಿತು. ಇದೇ ಉಪಾಯವನ್ನು ಮುಂದೆ ಇನ್ನೊಂದು ಕಾರಿಗೆ ಮಾಡಿದಾಗ ವಾರದೊಳಗೆ ಕೆಟ್ಟಿತು, ಆದ್ದರಿಂದ ಯಾರಿಗೂ ಹೇಳುವುದಿಲ್ಲ.

ಒಂದು ರಾತ್ರಿ ಶಟರ್ ಎಳೆದುಕೊಂಡು, ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ, ಬ್ರೇಕ್ ಒತ್ತಿಕೊಂಡು ಲಿವರನ್ನು ನ್ಯೂಟ್ರಲ್‌ನಿಂದ ಒಂದನೇ ಗೇರಿಗೂ ಅಲ್ಲಿಂದ ಹಿಂದಕ್ಕೂ ಸರಿಸುತ್ತಾ ಕುಳಿತೆ. ಪ್ರತಿ ಸಲವೂ ಪಂಪ್ ಗುಂಯ್ ಎಂದು ಎದ್ದಿತು. ಲಿವರ್ ಮುಟ್ಟದೆ ಬಿಟ್ಟರೆ ಮೂರು ನಿಮಿಷವೂ ಸದ್ದಿರಲಿಲ್ಲ. ಹಾಗಿದ್ದರೆ ಎಣ್ಣೆ ಒಳಗೆ ಸೋರುತ್ತಿಲ್ಲ, ಒತ್ತಡವನ್ನು ಕೂಡಿಡಬೇಕಾದ ಅಕ್ಯುಮುಲೇಟರ್‌ನ ಅನಿಲವೇ ಹೋಗಿದೆ, ಅದರ ಕೆಲಸವನ್ನೂ ಪಂಪ್ ಒಂದೇ ಹೊತ್ತು ಬ್ರಷ್ ಸವೆಸಿ ರಿಲೇ ಸುಡುತ್ತಿದೆ ಎಂದಾಯಿತು. ನಾನು ಮೂರು ಸಲವೂ ಬದಲಿಸಿದ್ದು ಪೆಟ್ಟು ತಿಂದ ಭಾಗವನ್ನೇ ಹೊರತು ಪೆಟ್ಟು ಕೊಟ್ಟದ್ದನ್ನಲ್ಲ. ಗುಜರಿಯ ಪ್ಯಾಕಿನ ಅಕ್ಯುಮುಲೇಟರ್ ಕೂಡ ಅಷ್ಟೇ ಹಳೆಯದಾಗಿತ್ತು.

ಖಾತ್ರಿಗಾಗಿ ಪಂಪಿನ ತಂತಿಗೆ ಸಣ್ಣ ದೀಪವೊಂದನ್ನು ಜೋಡಿಸಿ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿ, ದೇವರಾಯನದುರ್ಗದ ಘಾಟಿ ಹತ್ತಿಸಿದೆ. ತಿರುವಿಗೊಂದು ಗೇರ್, ಗೇರಿಗೊಂದು ಮಿಣುಕು. ಹೊಸ ಅಕ್ಯುಮುಲೇಟರ್ ಹಾಕಿ ಅದೇ ಘಾಟಿ ಹತ್ತಿದಾಗ ಮೂರು ನಾಲ್ಕು ಗೇರಿಗೊಮ್ಮೆ ಮಾತ್ರ ದೀಪ ಹೊತ್ತಿತು. ಅಂದು ನನಗಾದ ಸಂತೋಷ ಸಣ್ಣದಲ್ಲ.

ಅಕ್ಯುಮುಲೇಟರಿಗೆ ಎಂಟೂವರೆ ಸಾವಿರ, ಎಣ್ಣೆ ಮತ್ತು ಓ-ರಿಂಗ್‌ಗಳಿಗೆ ಸಾವಿರದ ಇನ್ನೂರು, ಬ್ರಷ್ ಮತ್ತು ರಿಲೇಗೆ ಒಂದು ಸಾವಿರ, ನನ್ನ ಕೂಲಿ ನಾಲ್ಕು ಸಾವಿರ. ಹದಿನೈದು ಸಾವಿರದೊಳಗೆ ಮುಗಿಯಿತು. ಹಿಂದಿನ ಮೂರು ಪ್ರಯತ್ನಗಳ ಖರ್ಚನ್ನು ಆ ಶಿಕ್ಷಕಿಯಿಂದ ತೆಗೆದುಕೊಳ್ಳಲಿಲ್ಲ. ಮಾಲು ಎಲ್ಲಿಂದ ತರಿಸುತ್ತೇನೆ, ಸ್ಕ್ಯಾನರಿನಲ್ಲಿ (ಕಾರಿಗೆ ಜೋಡಿಸಿ ಒಳಗಿನ ಸ್ಥಿತಿ ನೋಡುವ ಉಪಕರಣ) ಎಣ್ಣೆಯೊಳಗಿನ ಗಾಳಿ ತೆಗೆಯುವ ಮೊದಲು ಕೈಯಿಂದ ಏನು ಮಾಡುತ್ತೇನೆ ಎಂಬ ಎರಡು ಸಂಗತಿಗಳು ನನ್ನಲ್ಲೇ ಇರಲಿ. ಅವನ್ನು ಕಲಿಯಲು ನನಗೆ ಮೂವತ್ತು ಸಾವಿರದಷ್ಟು ನಷ್ಟವಾಗಿದೆ. ಆದರೆ ಒಂದನ್ನು ಮುಚ್ಚಿಡಲಾರೆ. ಆ ಎಣ್ಣೆಯ ಒತ್ತಡ ನಲವತ್ತು ಬಾರ್ ದಾಟಿರುತ್ತದೆ. ಪಂಪಿನ ಫ್ಯೂಸ್ ಕಿತ್ತು, ಗೇರ್ ಬದಲಿಸುತ್ತಾ ಹೋಗಿ, ಸ್ಕ್ಯಾನರಿನಲ್ಲಿ ಒತ್ತಡ ಸೊನ್ನೆಗೆ ಇಳಿದದ್ದನ್ನು ಕಣ್ಣಾರೆ ನೋಡುವ ತನಕ ಸ್ಪ್ಯಾನರ್ ಹಾಕಲೇಬಾರದು.

ಮರಳಿ ಬಂದದ್ದು ಒಂಬತ್ತನೆಯ ಕಾರು. ಸಿದ್ಧಗಂಗೆಯ ಜಾತ್ರೆಯ ವಾರದ ಗಡಿಬಿಡಿಯಲ್ಲಿ ಅದರ ಪರೀಕ್ಷೆಯನ್ನು ತಣ್ಣಗಿರುವಾಗ ಮಾತ್ರ ಮಾಡಿದ್ದೆ. ಎಣ್ಣೆ ಕಾದ ಮೇಲೆ ಅದರ ಪಂಪ್ ನಿಂತಲ್ಲೇ ಅರ್ಧ ನಿಮಿಷಕ್ಕೊಮ್ಮೆ ಏಳುತ್ತಿತ್ತು. ಎಣ್ಣೆಯ ದಾರಿಯನ್ನು ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೋಲೆನಾಯ್ಡ್ ವಾಲ್ವ್ ಒಂದು ಒಳಗೇ ಸೋರುತ್ತಿತ್ತು. ವಾಲ್ವಿನ ಬೆಲೆ ಮಾತ್ರ ತೆಗೆದುಕೊಂಡು ಕೂಲಿ ಬಿಟ್ಟೆ. ಈಗ ಪ್ರತಿ ಕಾರನ್ನೂ ಬೆಳಿಗ್ಗೆ ಒಮ್ಮೆ, ಘಾಟಿಯಿಂದ ಇಳಿದು ಬಂದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದ ನಂತರವೇ ಕೀಲಿ ಕೊಡುತ್ತೇನೆ.