ರಜೆಗೊಂದು ಹರಿವೆ ಟಬ್ಬು

ಬೇಸಿಗೆ ರಜೆಯಲ್ಲಿ ಮಕ್ಕಳ ಕೈಗೆ ಮಣ್ಣು ಹತ್ತಿಸಬೇಕು, ಬೆಳೆದುಕೊಡುವವರ ಬಗ್ಗೆ ಅವರಲ್ಲಿ ಕೃತಜ್ಞತೆಯೂ ಮೂಡಬೇಕು ಅನ್ನುವವರು ಟೊಮ್ಯಾಟೊ, ದಪ್ಪಮೆಣಸಿನಕಾಯಿ ತಂಟೆಗೆ ಹೋಗಬೇಡಿ. ಏಪ್ರಿಲ್ ಬಿಸಿಲಿಗೆ ಹೂವೆಲ್ಲ ಉದುರಿ, ಮಕ್ಕಳ ಉತ್ಸಾಹವೂ ಅದರ ಜೊತೆಗೇ ಉದುರುತ್ತದೆ. ಹರಿವೆ ಸೊಪ್ಪು ಹಾಕಿಸಿ. ಅದಕ್ಕೆ ಸೆಕೆ ಒಗ್ಗುತ್ತದೆ. ನಾಲ್ಕೈದು ದಿನಕ್ಕೆ ಮೊಳಕೆ, 25–30 ದಿನಕ್ಕೆ ಕೊಯ್ಲು. ರಜೆ ಶುರುವಾದ ವಾರವೇ ಬಿತ್ತಿದರೆ ಸ್ಕೂಲು ತೆರೆಯುವ ಮೊದಲೇ ತಟ್ಟೆಗೆ ಬರುತ್ತದೆ.

ಎರಡಡಿ ಉದ್ದ, ಒಂದಡಿ ಅಗಲ, ಆರೆಂಟು ಇಂಚು ಆಳದ ಟಬ್ಬು ಸಾಕು. ತಳದಲ್ಲಿ ತೂತು ಇರಲೇಬೇಕು. ಕೆಂಪುಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಮೂರನ್ನೂ ಸಮಸಮ ಬೆರೆಸಿ. ಹಸಿ ಸಗಣಿ ಬೇಡ, ಎಳೆ ಬೇರು ಸುಟ್ಟುಹೋಗುತ್ತದೆ. ಬೀಜ ಒಂದೇ ಚಿಟಿಕೆ. ಅದನ್ನು ಒಂದು ಹಿಡಿ ಒಣ ಮರಳಿಗೆ ಕಲಸಿ, ರಂಗೋಲಿ ಪುಡಿ ಉದುರಿಸುವ ಹಾಗೆ ಮಗುವೇ ಉದುರಿಸಲಿ. ಮೇಲೆ ಬೀಜ ಮುಚ್ಚುವಷ್ಟು ಮಾತ್ರ ಮಣ್ಣು. ಇರುವೆ ಬೀಜ ಹೊತ್ತೊಯ್ಯುವುದು ಖಂಡಿತ. ಟಬ್ಬಿನ ಸುತ್ತ ಒಂದಿಷ್ಟು ಅಕ್ಕಿ ತರಿ ಚೆಲ್ಲಿದರೆ ಅವು ಅದರ ಹಿಂದೆ ಹೋಗುತ್ತವೆ.

ಮಕ್ಕಳು ಕೆಡಿಸುವುದು ನೀರಿನಲ್ಲಿ. ಚೊಂಬಿನಿಂದ ಒಮ್ಮೆಲೇ ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ತೇಲಿಹೋಗಿ ಅಲ್ಲೇ ಗುಂಪಾಗಿ ಹುಟ್ಟುತ್ತವೆ. ಲೀಟರ್ ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ದಬ್ಬಣದಿಂದ ಹತ್ತು ಹನ್ನೆರಡು ತೂತು ಮಾಡಿಕೊಡಿ (ಇದು ದೊಡ್ಡವರ ಕೆಲಸ). ಹಿಸುಕಿದರೆ ಸಣ್ಣ ಮಳೆ. ಬೆಳಿಗ್ಗೆ ಏಳರೊಳಗೆ ಒಂದು ಬಾಟಲಿ, ಸಂಜೆ ಐದೂವರೆ ಮೇಲೆ ಒಂದು. ಆದರೆ ಬೆರಳು ಚುಚ್ಚಿ ನೋಡಿದಾಗ ಮಣ್ಣು ಒದ್ದೆಯಿದ್ದರೆ ಆ ಹೊತ್ತು ಬೇಡ. ಒತ್ತಾಗಿ ಹುಟ್ಟಿದ ಸಸಿಗೆ ನೀರು ಹೆಚ್ಚಾದರೆ ಬುಡ ಕೊಳೆತು ಮಲಗಿಬಿಡುತ್ತದೆ. ಹತ್ತನೆಯ ದಿನ ಎರಡು ಬೆರಳಿನ ಅಂತರ ಬಿಟ್ಟು ಉಳಿದದ್ದನ್ನು ಕೀಳಿಸಿ. ಕಿತ್ತದ್ದು ದೋಸೆ ಹಿಟ್ಟಿಗೆ ಸೇರಲಿ. ಎಲೆ ತೂತಾಗಿದ್ದರೆ ಅಡಿಭಾಗ ತಿರುಗಿಸಿ ನೋಡಿದರೆ ಹಸಿರು ಹುಳ ಸಿಗುತ್ತದೆ. ಹುಡುಕಿ ತೆಗೆಯುವುದು ಮಕ್ಕಳಿಗೇ ಖುಷಿಯ ಕೆಲಸ, ಔಷಧಿ ಬೇಕಿಲ್ಲ.

ಟಬ್ಬು ತಾರಸಿಯಲ್ಲಿದ್ದರೆ ಬಿಸಿಲೇರಿದ ಮೇಲೆ ಮಕ್ಕಳನ್ನು ಅಲ್ಲಿಗೆ ಬಿಡಬೇಡಿ, ಬೆಳಿಗ್ಗೆ ಒಂಬತ್ತರೊಳಗೆ ಒಳಗೆ ಬಂದುಬಿಡಲಿ. ಬಂದ ಕೂಡಲೇ ಉಪ್ಪು ಹಾಕಿದ ನೀರು ಮಜ್ಜಿಗೆಯೋ ಬೆಲ್ಲದ ಪಾನಕವೋ ಕೊಡಿ. ಮೂತ್ರ ಕಡುಹಳದಿ ಆಗಿದ್ದರೆ ಸಾಮಾನ್ಯವಾಗಿ ನೀರು ಸಾಲುತ್ತಿಲ್ಲ ಅಂತ ಅರ್ಥ. ಭರಣಿ ಮಳೆ ಗುಡುಗಿನ ಜೊತೆಗೇ ಬರುವುದು, ಮೊದಲ ಗುಡುಗಿಗೇ ಮಕ್ಕಳನ್ನು ಕೆಳಗಿಳಿಸಿ.

ಇನ್ನು ಕೃತಜ್ಞತೆ. ಅದನ್ನು ಬಾಯಲ್ಲಿ ಹೇಳಿಸಿದರೆ ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ, ಅಷ್ಟೆ. ಅದರ ಬದಲು ಹಾಕಿದ ಪ್ರತಿ ಬಾಟಲಿಗೂ ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆಸಿ. 25 ದಿನಕ್ಕೆ ಹತ್ತಿರ ಹತ್ತಿರ 50 ಲೀಟರ್ ಆಗುತ್ತದೆ, ಬರುವುದು ಒಂದೆರಡು ಕಟ್ಟು. ಕೊಯ್ದ ಮರುದಿನ ಅದೇ ಮಗುವನ್ನು ಸೊಪ್ಪಿನವರ ಹತ್ತಿರ ಕರೆದುಕೊಂಡು ಹೋಗಿ, ಕಟ್ಟಿಗೆಷ್ಟು ಅಂತ ಅವನೇ ಕೇಳಲಿ. ನೀವು ಸುಮ್ಮನಿರಿ. ಚೌಕಾಸಿಯನ್ನಂತೂ ಮಾಡಲೇಬೇಡಿ. ಟಬ್ಬಿನಲ್ಲಿ ಬೆಳೆದ ಮೊದಲ ಕಟ್ಟನ್ನು ಪಕ್ಕದ ಮನೆಗೋ ಕೆಲಸಕ್ಕೆ ಬರುವ ಅಮ್ಮನಿಗೋ ಮಗುವೇ ಕೈಯಾರೆ ಕೊಡಲಿ. ಅಕ್ಕಿ ತೊಳೆದ ನೀರನ್ನು ಟಬ್ಬಿಗೆ ಒಯ್ಯುವ ಕೆಲಸವೂ ಮಕ್ಕಳದ್ದೇ ಇರಲಿ.

ಕೊಯ್ಯುವಾಗ ಬುಡದಿಂದ ಎರಡಿಂಚು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಎರಡು ಗಿಡವನ್ನು ಮುಟ್ಟದೆ ಬಿಡಿ. ಮಳೆಗಾಲದಲ್ಲಿ ತೆನೆ ಬಲಿತಾಗ ಸೂರಿನಡಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಒಂದಿಷ್ಟು ಒಲೆ ಬೂದಿ ಬೆರೆಸಿ ಬಾಟಲಿಗೆ ತುಂಬಿಸಿದರೆ ದಸರಾ ರಜೆಯ ಬಿತ್ತನೆಗೆ ಬೀಜ ಕೊಳ್ಳಬೇಕಿಲ್ಲ.