ಚೌಕಾಬಾರದ ಮೇಲೆ 24 ಕಡ್ಡಿಪೆಟ್ಟಿಗೆ

ಅಡ್ವೆಂಟ್ ಕ್ಯಾಲೆಂಡರ್ ಜರ್ಮನಿಯ ಕಡೆಯದು. ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನ ಅಂತ ಮಕ್ಕಳು ಎಣಿಸಲಿ ಎಂದು 19ನೇ ಶತಮಾನದಲ್ಲಿ ಅಲ್ಲಿನ ಮನೆಗಳಲ್ಲಿ ಶುರುವಾದ ರೂಢಿ. ಆಮೇಲೆ ಅದು ಅಚ್ಚಾಯಿತು. ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಪುಟ್ಟ ಬಾಗಿಲು, ಬಾಗಿಲ ಹಿಂದೆ ಚಿತ್ರವೋ ಚಾಕೊಲೇಟೋ. ಈಚೆಗೆ ಚಾಕೊಲೇಟ್ ಜಾಗದಲ್ಲಿ ಒಗಟು ಇಡುವ ಆಟಗಳೂ ಬಂದಿವೆ.

ಅಂಥದ್ದೊಂದನ್ನು ನನ್ನ ಮೈದುನ ಜರ್ಮನಿಯಿಂದ ಧಾರವಾಡಕ್ಕೆ ಬರುವಾಗ ತಂದಿದ್ದ. ಕಾಸ್ಮೋಸ್ ಕಂಪನಿಯ ಎಕ್ಸಿಟ್ ಸರಣಿಯ ಕ್ಯಾಲೆಂಡರ್, ಇಂಗ್ಲಿಷ್‌ನದು. ಇಂಕಾ ಮತ್ತು ಮಾರ್ಕುಸ್ ಬ್ರಾಂಡ್ ಎಂಬ ದಂಪತಿ ಕಟ್ಟಿದ ಸರಣಿ ಅದು. 2017ರಲ್ಲಿ ಜರ್ಮನಿಯ ದೊಡ್ಡ ಆಟದ ಪ್ರಶಸ್ತಿಗಳಲ್ಲೊಂದು ಅದಕ್ಕೆ ಬಂದಿದೆ. ಕಥೆ ಒಂದು ಹಿಮದ ಗುಹೆಯದು. ನನಗೆ ಕಥೆಗಿಂತ ಅದರ ಕಟ್ಟೋಣ ಹಿಡಿಸಿತು. ಬಾಗಿಲುಗಳನ್ನು ಸಾಲಾಗಿ ತೆರೆಯುವ ಹಾಗಿಲ್ಲ. ಇವತ್ತಿನ ಒಗಟು ಬಿಡಿಸಿದರೆ ನಾಳೆ ಯಾವ ಬಾಗಿಲು ಅಂತ ಗೊತ್ತಾಗುತ್ತದೆ. ಬಿಡಿಸದಿದ್ದರೆ ನಾಳೆಯೇ ಇಲ್ಲ! ಊಟ ಮುಗಿಸಿ ಎಲ್ಲರೂ ಒಂದು ಕಾಲು ತಾಸು ಅದರ ಸುತ್ತ ಕೂರುತ್ತಿದ್ದೆವು.

ಎಲ್ಲರೂ ಅಂದೆ, ಅತ್ತೆಯನ್ನು ಬಿಟ್ಟು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ನಾವು ಅನುವಾದ ಮಾಡಿ ಹೇಳುವಷ್ಟರಲ್ಲಿ ಮಗಳು ಉತ್ತರ ಕೂಗಿರುತ್ತಿದ್ದಳು. "ನಿಮ್ಮ ಡಬ್ಬಿ ಆಟ ನಡೀಲಿ" ಅಂತ ಅವರು ಎದ್ದು ಹೋಗುತ್ತಿದ್ದರು. ಮೇಲಾಗಿ ಆ ಆಟದಲ್ಲಿ ಕಾಗದ ಕತ್ತರಿಸಬೇಕು, ಮಡಚಬೇಕು, ಅದರ ಮೇಲೆ ಬರೆಯಬೇಕು. ಒಮ್ಮೆ ಆಡಿದರೆ ಮುಗೀತು. ಮುಂದಿನ ವರ್ಷ ನಾನೇ ಕನ್ನಡದಲ್ಲಿ ಒಂದು ಮಾಡೋಣ ಅಂದುಕೊಂಡೆ.

ಬಾಗಿಲಿಗೆ ಬದಲು ದೊಡ್ಡ ಸೈಜಿನ ಕಡ್ಡಿಪೆಟ್ಟಿಗೆ ತಗೊಂಡೆ. ಅವನ್ನು ಹೇಗೆ ಜೋಡಿಸುವುದು ಅಂತ ನೋಡುವಾಗ ಚೌಕಾಬಾರ ನೆನಪಾಯಿತು. ಐದಕ್ಕೆ ಐದು, ಒಟ್ಟು 25 ಮನೆ. ಹೊರಸುತ್ತು 16, ಒಳಸುತ್ತು 8, ನಡುವೆ ಹಣ್ಣಾಗುವ ಒಂದು ಮನೆ. 24 ಪೆಟ್ಟಿಗೆಗೆ ಇದಕ್ಕಿಂತ ಒಳ್ಳೆ ಹಾಸು ಎಲ್ಲಿ ಸಿಗುತ್ತದೆ? ಹಳೆ ರಟ್ಟಿನ ಮೇಲೆ ಮನೆ ಗೀಚಿ, ಪೆಟ್ಟಿಗೆ ಇಟ್ಟು, ನಡುವೆ ನಂಬರ್ ಬೀಗ ಹಾಕಿದ ಒಂದು ತಗಡಿನ ಡಬ್ಬಿ ಕೂರಿಸಿದೆ.

ಸರಪಳಿ ಕಟ್ಟುವುದು ಕೇಳಿದಷ್ಟು ಕಷ್ಟವಲ್ಲ. 1ರಿಂದ 24 ಬರೆದ ಚೀಟಿಗಳನ್ನು ಕಲಸಿ ಒಂದು ಸಾಲಾಗಿ ಇಡಿ. ಆ ಸಾಲೇ ತೆರೆಯುವ ಕ್ರಮ. 7ರ ಪಕ್ಕ 19 ಬಂದರೆ, 7ನೇ ಪೆಟ್ಟಿಗೆಯ ಒಗಟಿಗೆ ಉತ್ತರ 19 ಆಗಬೇಕು. ಹೀಗೆ ಮಾಡಿದರೆ ಸರಪಳಿ ನಡುವೆಯೇ ತಿರುಗಿ ಬಂದು ಕಚ್ಚಿಕೊಳ್ಳುವ ಭಯ ಇಲ್ಲ. ಸಾಲಿನ ಕೊನೆಯ ಪೆಟ್ಟಿಗೆಯ ಉತ್ತರ ಮಾತ್ರ ಬೀಗದ ಸಂಖ್ಯೆ.

ನಿಜವಾಗಿ ತಲೆ ತಿಂದದ್ದು ಬೇರೆ. ಉತ್ತರ ತಪ್ಪಿ 19ರ ಬದಲು 9 ತೆರೆದರೆ ಮುಂದಿನ ಆಟವೆಲ್ಲ ಹಾಳು. ತೆರೆಯುವ ಮೊದಲೇ ತಪ್ಪು ಅಂತ ಗೊತ್ತಾಗಬೇಕು. ಪ್ರತಿ ಪೆಟ್ಟಿಗೆಯ ಮೇಲೆ ಅದರ ಹಿಂದಿನ ಪೆಟ್ಟಿಗೆಯ ಸಂಖ್ಯೆ ಬರೆಯಬಹುದು, ಆದರೆ ನನ್ನ ಮಗ ಎಲ್ಲವನ್ನೂ ತಿರುವಿ ನೋಡಿ ಒಂದೇ ರಾತ್ರಿಯಲ್ಲಿ ಇಡೀ ಸರಪಳಿ ಬರೆದಿಡುವ ಪೈಕಿ. ಅದಕ್ಕೆ ಆ ಸಂಖ್ಯೆಯನ್ನು ಒಳಗಿನ ತಟ್ಟೆಯ ಅಂಚಿನಲ್ಲಿ ಬರೆದು, ಪೆಟ್ಟಿಗೆಗೆ ಸುತ್ತ ದಾರ ಕಟ್ಟಿದೆ. ದಾರ ಬಿಚ್ಚಿ ಉಗುರಿನಷ್ಟು ಜಾರಿಸಿದರೆ ಸಂಖ್ಯೆ ಕಾಣುತ್ತದೆ, ಒಳಗಿನ ಚೀಟಿ ಕಾಣುವುದಿಲ್ಲ. ನಾವು ಬಂದ ಪೆಟ್ಟಿಗೆಯ ಸಂಖ್ಯೆಯೇ ಅಲ್ಲಿದ್ದರೆ ಪೂರ್ತಿ ತೆರೆ, ಇಲ್ಲದಿದ್ದರೆ ಮುಚ್ಚು. ದಾರ ಬಿಚ್ಚುವ ಅಧಿಕಾರ ಅತ್ತೆಗೆ ಮಾತ್ರ.

ಈಗ ಒಗಟುಗಳ ಮಾತು. ಮೊದಲೇ ಒಂದು ನಿರ್ಧಾರ ಮಾಡಿದ್ದೆ: ಕ್ವಿಜ್ ಬೇಡ. ಗೊತ್ತಿದ್ದರೆ ಒಂದು ಕ್ಷಣದಲ್ಲಿ ಮುಗಿಯಿತು, ಗೊತ್ತಿಲ್ಲದಿದ್ದರೆ ಎಷ್ಟು ಹೊತ್ತು ಕೂತರೂ ಬರದು. ಅದು ಒಗಟಲ್ಲ, ಪರೀಕ್ಷೆ. ಬೇಕಾದದ್ದೆಲ್ಲ ಪೆಟ್ಟಿಗೆಯಲ್ಲೋ ಕಣ್ಣೆದುರಿಗೋ ಇರಬೇಕು, ಎಲ್ಲಿದೆ ಅಂತ ಕಾಣಬಾರದು, ಅಷ್ಟೇ.

ಎಲ್ಲರಿಗೂ ಹಿಡಿಸಿದ್ದು ಕಟಪಯಾದಿ. ಅಕ್ಷರಗಳಿಗೆ ಅಂಕೆ ಕೊಡುವ ಹಳೆಯ ಪದ್ಧತಿ. ಕ, ಟ, ಪ, ಯ ನಾಲ್ಕೂ 1. ಖ, ಠ, ಫ, ರ 2. ಗ, ಡ, ಬ, ಲ 3. ಹೀಗೇ ಮುಂದುವರಿಯುತ್ತದೆ, ಞ ಮತ್ತು ನ ಸೊನ್ನೆ. ಸ್ವರ ಯಾವುದಿದ್ದರೂ ಲೆಕ್ಕಕ್ಕಿಲ್ಲ, ಒತ್ತಕ್ಷರ ಬಂದರೆ ಕೊನೆಯ ವ್ಯಂಜನ ಹಿಡಿಯಬೇಕು. ಬಂದ ಅಂಕೆಗಳನ್ನು ತಿರುಗಿಸಿ ಓದಬೇಕು. ಕರ್ನಾಟಕ ಸಂಗೀತದವರು 72 ಮೇಳಕರ್ತ ರಾಗಗಳ ಸಂಖ್ಯೆ ಹಿಡಿಯುವುದು ಹೀಗೆಯೇ. ಧೀರಶಂಕರಾಭರಣದ ಧ 9, ರ 2, ತಿರುಗಿಸಿದರೆ 29. ಧಾರವಾಡ ಹಿಂದುಸ್ತಾನಿಯ ಊರು, ಹಾಗಾಗಿ ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ನನಗೆ ಅನುಕೂಲವೇ ಆಯಿತು. ಅಕ್ಷರಗಳ ಕೋಷ್ಟಕವನ್ನು ಒಂದು ಪೆಟ್ಟಿಗೆಯಲ್ಲಿ ಏನೂ ವಿವರಣೆಯಿಲ್ಲದೆ ಇಟ್ಟೆ. ಕೆಲವು ದಿನ ಬಿಟ್ಟು ಇನ್ನೊಂದರಲ್ಲಿ "ರೊಟ್ಟಿ" ಅಂತಷ್ಟೇ ಬರೆದ ಚೀಟಿ. ನಮ್ಮ ಯಜಮಾನರು ಅಡುಗೆಮನೆಗೆ ಹೋಗಿ ರೊಟ್ಟಿ ಬುಟ್ಟಿ ಎತ್ತಿ ನೋಡಿ ಬಂದರು. ಮಗಳಿಗೆ ಕೋಷ್ಟಕ ನೆನಪಾಯಿತು. ರ 2, ಟ 1. 21ನೇ ಪೆಟ್ಟಿಗೆಯ ದಾರ ಬಿಚ್ಚಿದರೆ ಒಳಗಿನ ಸಂಖ್ಯೆ ಹೊಂದಲಿಲ್ಲ. ಆಗ ಮಗ ಕೋಷ್ಟಕದ ಮೂಲೆಯಲ್ಲಿದ್ದ ಬಲದಿಂದ ಎಡಕ್ಕಿನ ಬಾಣ ತೋರಿಸಿದ. 12. ಒಮ್ಮೆ ಕೀಲಿ ಸಿಕ್ಕಮೇಲೆ ಮನೆ 5, ತುಪ್ಪ 16 ಅಂತ ಸಿಕ್ಕಿದ್ದಕ್ಕೆಲ್ಲ ಸಂಖ್ಯೆ ಹಚ್ಚುವ ಹುಚ್ಚು ಹಿಡಿಯಿತು. ಬೇಂದ್ರೆಯವರಿಗೂ ಸಂಖ್ಯೆಗಳ ಗೀಳಿತ್ತಲ್ವಾ, ಈ ಊರಿನ ನೀರಿನಲ್ಲೇ ಏನೋ ಇರಬೇಕು.

ಕವಡೆಯ ಒಗಟು ಅತ್ತೆಯದು. ಚೀಟಿಯಲ್ಲಿ ಬೋರಲು ಬಿದ್ದ ನಾಲ್ಕು ಕವಡೆಯ ಚಿತ್ರ, ಅಷ್ಟೇ. ಮಕ್ಕಳು ಸೊನ್ನೆ ಅಂದರು. ಅತ್ತೆ ನಕ್ಕು, "ಎಂಟ್ ಬಿದ್ದೈತಿ, ನಡೀರಿ ಎಂಟ್ ಮನಿ" ಅಂದರು. ನಾಲ್ಕೂ ಬೋರಲಾದರೆ ಎಂಟು, ನಾಲ್ಕೂ ಅಂಗಾತವಾದರೆ ನಾಲ್ಕು. ಹೊರಸುತ್ತು ಒಂದು ದಿಕ್ಕಿಗೆ, ಒಳಸುತ್ತು ಅದರ ಎದುರು ದಿಕ್ಕಿಗೆ. ಎಂಟು ಮನೆ ನಡೆದರೆ ಒಳಸುತ್ತಿಗೆ ಕಾಲಿಡಬೇಕಾಗುತ್ತದೆ. ಅಲ್ಲಿ ದೊಡ್ಡ ಜಗಳ. ನಮ್ಮ ಮನೆಯ ಆಟದಲ್ಲಿ ಎದುರಿನವರ ಕಾಯಿ ಹೊಡೆಯದೆ ಒಳಗೆ ಹೋಗುವಂತಿಲ್ಲ. ಹೊಡೆಯಲು ಕಾಯಿಯೇ ಇಲ್ಲವಲ್ಲ ಅಂತ ಮಗಳು. ಚೀಟಿಯ ಹಿಂದೆ ಸತ್ತ ಕಾಯಿಯ ಚಿತ್ರ ಬರೆದದ್ದು ಇದಕ್ಕೇ ಅಂತ ನಾನು ತುಟಿ ಬಿಚ್ಚಲಿಲ್ಲ. ಅವರೇ ನೋಡಿಕೊಂಡರು.

ಇನ್ನೊಂದರಲ್ಲಿ ಖಾಲಿ ನಂಬರ್ ಪ್ಲೇಟಿನ ಸ್ಕೂಟರ್ ಬರೆದು, "ಹುಬ್ಬಳ್ಳಿಯಿಂದ ಗದಗ, ಹಾವೇರಿ ಎರಡನ್ನೂ ಕಳೆದರೆ?" ಅಂತ ಕೇಳಿದ್ದೆ. ಕಿಲೋಮೀಟರ್ ಲೆಕ್ಕ ಶುರುವಾಯಿತು. ಮರುದಿನ ಜುಬಿಲಿ ಸರ್ಕಲ್‌ನಲ್ಲಿ ಗಾಡಿಗಳನ್ನು ನೋಡುತ್ತಾ ಮಗನಿಗೆ ಹೊಳೆಯಿತು. ಹುಬ್ಬಳ್ಳಿ ಕೆಎ 63, ಗದಗ 26, ಹಾವೇರಿ 27. ಉಳಿದದ್ದು 10. ಮನೆಯ ಹೊರಗೆ ನೋಡಬೇಕಾದ ಒಗಟು ಒಂದೆರಡು ಇದ್ದರೆ ಸಾಕು, ಜಾಸ್ತಿ ಆದರೆ ರಾತ್ರಿಯ ಕೂಟ ಮುರಿಯುತ್ತದೆ.

ಬೀಗದ ಸಂಖ್ಯೆಗೆ ಹುಬ್ಬಳ್ಳಿ ಸ್ಟೇಷನ್ ಹಿಡಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ, ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್, 1507 ಮೀಟರ್. ಕೊನೆಯ ಚೀಟಿ: "ಸಿದ್ಧಾರೂಢರ ಹೆಸರು, ಜಗತ್ತಿಗೇ ಉದ್ದದ ಕಟ್ಟೆ. ತಿಂದವರಿಗೆ ಅಳತೆ ಗೊತ್ತು." ಫೋನ್ ಮುಟ್ಟುವಂತಿಲ್ಲ. ಅಳತೆ ಇದ್ದದ್ದು ಮೊದಲ ವಾರದ ಒಂದು ಪೆಟ್ಟಿಗೆಯಲ್ಲಿ, ಕಡಲೆ ಮಿಠಾಯಿ ಸುತ್ತಿದ ಪೇಪರ್ ತುಂಡಿನ ಮೇಲೆ. ಮಿಠಾಯಿ ಹೊಟ್ಟೆಗೆ ಹೋಗಿತ್ತು, ಪೇಪರ್ ಕಸಕ್ಕೆ. ಇಂಥ ಸುಳಿವಿನ ಇನ್ನೊಂದು ಪ್ರತಿ ಇಟ್ಟುಕೊಂಡೇ ಇಂಥ ಆಟ ಆಡಬೇಕು. ನಾನದನ್ನು ಸುಳಿವಿನ ಲಕೋಟೆಯಲ್ಲಿ ಇಟ್ಟಿದ್ದೆ.

ಈ ಲಕೋಟೆಯ ಬಗ್ಗೆ ಹೇಳಲೇಬೇಕು. ಪ್ರತಿ ಒಗಟಿಗೆ ಮೂರು ಸುಳಿವು. ಮೊದಲನೆಯದು ಏನನ್ನು ನೋಡಬೇಕು ಅಂತ, ಎರಡನೆಯದು ಹೇಗೆ ಅಂತ, ಮೂರನೆಯದು ಉತ್ತರವೇ. ಲಕೋಟೆ ತೆರೆಯುವ ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ತಾವು ಕಂಡದ್ದನ್ನು ಜೋರಾಗಿ ಹೇಳಬೇಕು. ಅರ್ಧ ಒಗಟುಗಳು ಅಲ್ಲೇ ಬಿಚ್ಚಿಕೊಳ್ಳುತ್ತವೆ, ಏಕೆಂದರೆ ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಂಡಿರುವುದಿಲ್ಲ. ಕನ್ನಡ ಅಂಕೆಗಳನ್ನು ವಾಕ್ಯದ ನಡುವೆ ಅಡಗಿಸಿದ್ದ ಚೀಟಿಯಲ್ಲಿ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಸೊನ್ನೆಗೂ ಅನುಸ್ವಾರಕ್ಕೂ ವ್ಯತ್ಯಾಸ ಕಾಣಲಿಲ್ಲ. ಅತ್ತೆ ಕನ್ನಡಕ ಏರಿಸಿ ಓದಿ ಮುಗಿಸಿದರು.

ಮದುವೆ, ಊರು ಅಂತ ಬಾಕಿ ಬಿದ್ದ ದಿನಗಳ ಪೆಟ್ಟಿಗೆಗಳನ್ನು ಒಟ್ಟಿಗೆ ತೆರೆದು ನೋಡಿದೆವು. ಸಪ್ಪೆ ಅನಿಸಿತು. ಕಾಯುವುದೇ ಇದರಲ್ಲಿ ಮಜಾ. ಈಗ ಊರಿಗೆ ಹೋದರೆ ಆ ದಿನಗಳ ಪೆಟ್ಟಿಗೆಯನ್ನೂ ಸುಳಿವಿನ ಲಕೋಟೆಯನ್ನೂ ಚೀಲಕ್ಕೆ ಹಾಕಿಕೊಳ್ಳುತ್ತೇವೆ.

ನನ್ನ ಒಗಟುಗಳಲ್ಲಿ ಕತ್ತರಿಸುವುದು ಏನೂ ಇಲ್ಲ, ಹಾಗಾಗಿ ಸೆಟ್ ಪೂರ್ತಿ ಗದಗಿನಲ್ಲಿರುವ ಅಕ್ಕನ ಮನೆಗೆ ಹೋಗುತ್ತಿದೆ. ಅವರ ಚೌಕಾಬಾರದಲ್ಲಿ ಕಾಯಿ ಹೊಡೆಯುವ ಶರತ್ತಿಲ್ಲ, ಆ ಚೀಟಿ ಬದಲಿಸಿದೆ. ಬೀಗದ ಸಂಖ್ಯೆಯನ್ನೂ ಬದಲಿಸಬೇಕು. ನನ್ನ ಮಗ ಅದನ್ನು ಆಗಲೇ ಫೋನ್‌ನಲ್ಲಿ ಅವರ ಮಕ್ಕಳಿಗೆ ಹೇಳಿಬಿಟ್ಟಿದ್ದಾನೆ.