ಬೂಟ್ ಆಗದ ವರ್ಚುವಲ್ ಯಂತ್ರವನ್ನು ಗೆಸ್ಟ್‌ಫಿಶ್‌ನಿಂದ ಸರಿಪಡಿಸಿದ ನನ್ನ ಅನುಭವ

ಬಹಳ ದಿನಗಳಿಂದ ಆರಿಸಿಟ್ಟಿದ್ದ ಒಂದು ವರ್ಚುವಲ್ ಯಂತ್ರವನ್ನು ನಾನು ಮತ್ತೆ ಚಾಲೂ ಮಾಡಿದಾಗ ಅದು ಬೂಟ್ ಆಗುವ ಹಾದಿಯಲ್ಲೇ ನಿಂತುಬಿಟ್ಟಿತು. ಯಾವುದೋ ಡಿಸ್ಕಿಗಾಗಿ ಕಾಯುತ್ತಿರುವುದಾಗಿ ಹೇಳುವ ಸಾಲೊಂದು ಕನ್ಸೋಲಿನಲ್ಲಿ 90 ಸೆಕೆಂಡುಗಳವರೆಗೆ ಎಣಿಸುತ್ತ ಹೋಗಿ, ಆಮೇಲೆ ಯಂತ್ರ ಎಮರ್ಜೆನ್ಸಿ ಮೋಡಿಗೆ ಇಳಿಯಿತು. ಅಲ್ಲಿಯೂ ರೂಟ್ ಖಾತೆಗೆ ಬೀಗ ಬಿದ್ದಿರುವುದರಿಂದ ಕನ್ಸೋಲ್ ಕೊಡಲಾಗದು ಎಂಬ ಸಂದೇಶವನ್ನು ಬಿಟ್ಟರೆ ಬೇರೇನೂ ಸಿಗಲಿಲ್ಲ. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಆ ಯಂತ್ರಕ್ಕೆ ಹಿಂದೆ ಜೋಡಿಸಿದ್ದ ಎರಡನೆಯ ಡಿಸ್ಕನ್ನು ತೆಗೆದುಹಾಕಿದವನು ನಾನೇ, ಅದನ್ನು ಮೌಂಟ್ ಮಾಡಲು, ಅಂದರೆ ಬಳಕೆಗೆ ತೆರೆದುಕೊಳ್ಳಲು ಹೇಳುವ ಸಾಲನ್ನು /ಇಟಿಸಿ/ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹಾಗೆಯೇ ಬಿಟ್ಟವನೂ ನಾನೇ. ಸಾಲದ್ದಕ್ಕೆ ಆ ಯಂತ್ರದೊಳಗೆ ಹೋಗಲು ಬೇಕಾದ ಎಸ್‌ಎಸ್‌ಎಚ್ ಖಾಸಗಿ ಕೀಲಿ ನಾನು ಆಗಲೇ ಅಳಿಸಿಹಾಕಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿತ್ತು. ಹೀಗೆ ಒಂದು ಸಾಲನ್ನು ಅಳಿಸುವುದು, ಒಂದು ಕೀಲಿಯನ್ನು ಸೇರಿಸುವುದು, ಇಷ್ಟೇ ಕೆಲಸ. ಆದರೆ ಎರಡನ್ನೂ ಹೊರಗಿನಿಂದ, ಇಡೀ ವರ್ಚುವಲ್ ಡಿಸ್ಕನ್ನು ಒಂದೇ ಕಡತವಾಗಿ ಇಟ್ಟುಕೊಳ್ಳುವ ಕ್ಯೂಕೌ2 ರೂಪದ ಡಿಸ್ಕ್ ಇಮೇಜಿನ ಒಳಗೇ ಮಾಡಬೇಕಾಗಿತ್ತು.

ಇಂಥ ಕೆಲಸಕ್ಕೆ ನಾನು ಹಿಂದೆಲ್ಲ ಬಳಸುತ್ತಿದ್ದುದು ಕ್ಯೂಇಎಂಯು-ಎನ್‌ಬಿಡಿ ದಾರಿಯನ್ನು (ಕ್ಯೂಇಎಂಯು ಎಂದರೆ ವರ್ಚುವಲ್ ಯಂತ್ರಗಳನ್ನು ಓಡಿಸುವ ತಂತ್ರಾಂಶ). ಎನ್‌ಬಿಡಿ ಮಾಡ್ಯೂಲನ್ನು ಲೋಡ್ ಮಾಡಿ, ಇಮೇಜನ್ನು /ಡೆವ್/ಎನ್‌ಬಿಡಿ0 ಸಾಧನಕ್ಕೆ ಜೋಡಿಸಿ, ಪಾರ್ಟಿಷನ್ನನ್ನು ನನ್ನ ಕಂಪ್ಯೂಟರಿನಲ್ಲೇ ಮೌಂಟ್ ಮಾಡಿಕೊಳ್ಳುವುದು ಆ ಕ್ರಮ. ಅದು ಕೆಲಸ ಮಾಡುತ್ತದೆ, ಕೆಟ್ಟ ದಾರಿಯೇನೂ ಅಲ್ಲ. ಆದರೆ ಮೊದಲನೆಯದಾಗಿ ಅದಕ್ಕೆ ರೂಟ್ ಅಧಿಕಾರ ಬೇಕು. ಎರಡನೆಯದಾಗಿ ಇಮೇಜಿನೊಳಗಿನ ಕಡತ ವ್ಯವಸ್ಥೆಯನ್ನು ಓದುವುದು ನನ್ನದೇ ಕಂಪ್ಯೂಟರಿನ ಕರ್ನಲ್ ಆಗಿರುವುದರಿಂದ, ಆ ಇಮೇಜಿನಲ್ಲಿ ಏನಾದರೂ ಕಿತಾಪತಿ ಇದ್ದರೆ ಪೆಟ್ಟು ಬೀಳುವುದೂ ಅದಕ್ಕೇ. ಒಮ್ಮೆ ಆತಿಥೇಯ ಯಂತ್ರ (ನನ್ನ ಕಂಪ್ಯೂಟರು) ಮತ್ತು ಅತಿಥಿ ಯಂತ್ರ (ವರ್ಚುವಲ್ ಯಂತ್ರ) ಎರಡನ್ನೂ ಒಂದೇ ಇನ್‌ಸ್ಟಾಲರಿನಿಂದ ಸ್ಥಾಪಿಸಿದ್ದರಿಂದ ಎರಡರ ಎಲ್‌ವಿಎಂ (ಡಿಸ್ಕಿನ ಜಾಗವನ್ನು ಗುಂಪುಗೂಡಿಸಿ ಹಂಚುವ ವ್ಯವಸ್ಥೆ) ವಾಲ್ಯೂಮ್ ಗ್ರೂಪಿಗೂ ಒಂದೇ ಹೆಸರಿತ್ತು. ಇಮೇಜನ್ನು ಜೋಡಿಸಿದ ಕ್ಷಣದಿಂದ ಎಲ್‌ವಿಎಂನ ಪ್ರತಿ ಆಜ್ಞೆಯೂ ಯಾವ ಗ್ರೂಪು ಎಂದು ತಕರಾರು ತೆಗೆಯತೊಡಗಿತು. ಯುಯುಐಡಿ ಎಂಬ ಅನನ್ಯ ಗುರುತು ಸಂಖ್ಯೆಯನ್ನು ಹಿಡಿದು ಹೆಸರು ಬದಲಿಸಿ ಹೇಗೋ ಒಳಹೊಕ್ಕೆನಾದರೂ, ಹೊರಬರುವಾಗ ಗ್ರೂಪನ್ನು ನಿಷ್ಕ್ರಿಯಗೊಳಿಸುವುದನ್ನು ಮರೆತು ಸಾಧನವನ್ನು ಬಿಡಿಸಿದ್ದರಿಂದ ಕರ್ನಲ್ ಲಾಗ್ ತುಂಬ ಐಒ ದೋಷಗಳ ಸಾಲುಗಳೇ ತುಂಬಿಕೊಂಡವು. ಈ ಸಲ ಆ ಪಜೀತಿ ಬೇಡವೆನಿಸಿತು.

ಗೆಸ್ಟ್‌ಫಿಶ್ ಎನ್ನುವುದು ಲಿಬ್‌ಗೆಸ್ಟ್‌ಎಫ್‌ಎಸ್ ಎಂಬ ಸಿ ಲೈಬ್ರರಿಗೆ ಜೋಡಿಸಿರುವ ಶೆಲ್. ರಿಚರ್ಡ್ ಜೋನ್ಸ್ ಅವರು ರೆಡ್ ಹ್ಯಾಟ್‌ನಲ್ಲಿ 2009ರಲ್ಲಿ ಆರಂಭಿಸಿದ ಈ ಯೋಜನೆಯ ಒಳಗುಟ್ಟನ್ನು ಅರಿತರೆ ಅದರ ಅರ್ಧದಷ್ಟು ವಿಚಿತ್ರ ವರ್ತನೆಗಳು ತಾವಾಗಿಯೇ ಅರ್ಥವಾಗುತ್ತವೆ. ಅದು ನಿಮ್ಮ ಇಮೇಜನ್ನು ನಿಮ್ಮ ಕಂಪ್ಯೂಟರಿನಲ್ಲಿ ಮೌಂಟ್ ಮಾಡುವುದೇ ಇಲ್ಲ. ಬದಲಿಗೆ, ನಿಮ್ಮ ಕಂಪ್ಯೂಟರಿನಲ್ಲೇ ಇರುವ ಕರ್ನಲ್ ಮತ್ತು ಕೆಲವೇ ಪ್ರೋಗ್ರಾಮುಗಳನ್ನು ಸೇರಿಸಿ ಒಂದು ಪುಟ್ಟ ಯಂತ್ರವನ್ನು ಕಟ್ಟಿ, ಅದನ್ನು ಕ್ಯೂಇಎಂಯುವಿನಲ್ಲಿ ಬೂಟ್ ಮಾಡಿ, ನಿಮ್ಮ ಇಮೇಜನ್ನು ಅದಕ್ಕೆ ಡಿಸ್ಕಾಗಿ ಸಿಕ್ಕಿಸುತ್ತದೆ. ಈ ಪುಟ್ಟ ಯಂತ್ರವನ್ನು ಅಪ್ಲಯನ್ಸ್ ಎನ್ನುತ್ತಾರೆ. ನೀವು ಪ್ರಾಂಪ್ಟಿನಲ್ಲಿ ಕೊಡುವ ಆಜ್ಞೆ ಅಪ್ಲಯನ್ಸಿನೊಳಗಿನ ಡೀಮನ್‌ಗೆ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮಿಗೆ) ಹೋಗಿ, ಅಲ್ಲಿ ನಡೆದು, ಉತ್ತರ ಮರಳಿ ಬರುತ್ತದೆ. ರೂಟ್ ಅಧಿಕಾರ ಬೇಡವಾಗುವುದೂ, ವಾಲ್ಯೂಮ್ ಗ್ರೂಪಿನ ಹೆಸರುಗಳು ಡಿಕ್ಕಿ ಹೊಡೆಯದಿರುವುದೂ, ಪ್ರತಿ ಸಲ ಶುರುವಾಗಲು ಕೆಲವು ಸೆಕೆಂಡು ಹಿಡಿಯುವುದೂ ಇದೇ ಕಾರಣಕ್ಕೆ. ಕೆವಿಎಂ (ಪ್ರೊಸೆಸರಿನ ನೆರವಿನಿಂದ ವರ್ಚುವಲ್ ಯಂತ್ರಗಳನ್ನು ವೇಗವಾಗಿ ಓಡಿಸುವ ಸೌಲಭ್ಯ) ಇಲ್ಲದ ಕಡೆ ಆ ಕೆಲವು ಸೆಕೆಂಡುಗಳು ಬಹಳ ಉದ್ದವಾಗುತ್ತವೆ ಎಂಬುದನ್ನೂ ಹೇಳಿಬಿಡಬೇಕು.

ಪ್ಯಾಕೇಜ್ ಸ್ಥಾಪನೆಯಲ್ಲಿ ಹೇಳುವಂಥದ್ದೇನಿಲ್ಲ. ಆದರೆ ಮೊದಲ ಓಟವೇ ಎಡವಿತು: ಅಪ್ಲಯನ್ಸನ್ನು ಕಟ್ಟುವ ಸೂಪರ್‌ಮಿನ್ ದೋಷದೊಂದಿಗೆ ನಿಂತಿದೆ, ಪೂರ್ತಿ ವಿವರ ಬೇಕಿದ್ದರೆ ಡಿಬಗ್ ಆನ್ ಮಾಡಿ ಎಂಬಷ್ಟೇ ಮಾತು. ಲಿಬ್‌ಗೆಸ್ಟ್‌ಎಫ್‌ಎಸ್_ಡಿಬಗ್ ಎಂಬ ಪರಿಸರ ಚರಾಂಶವನ್ನು 1 ಎಂದು ಮಾಡಿ ಮತ್ತೆ ಓಡಿಸಿದಾಗ, ಸಂದೇಶಗಳ ಪ್ರವಾಹದ ನಡುವೆ /ಬೂಟ್ ಡೈರೆಕ್ಟರಿಯ ಕರ್ನಲ್ ಕಡತವನ್ನು ಓದಲು ಅನುಮತಿಯಿಲ್ಲ ಎಂಬ ಒಂದು ಸಾಲು ಸಿಕ್ಕಿತು. ನಾನು ಬಳಸುವ ಲಿನಕ್ಸ್ ವಿತರಣೆಯಲ್ಲಿ ಆ ಕಡತವನ್ನು ರೂಟ್ ಮಾತ್ರ ಓದಬಹುದು. ಅಪ್ಲಯನ್ಸ್ ಕಟ್ಟಬೇಕಾದರೆ ಅದನ್ನು ನಕಲು ಮಾಡಲೇಬೇಕು. ಓದುವ ಅನುಮತಿಯನ್ನು ಕೊಟ್ಟ ಮೇಲೆ ಲಿಬ್‌ಗೆಸ್ಟ್‌ಎಫ್‌ಎಸ್-ಟೆಸ್ಟ್-ಟೂಲ್ ಎಂಬ ಪರೀಕ್ಷಾ ಆಜ್ಞೆ ಕೊನೆಯ ಸಾಲಿನಲ್ಲಿ ಎಲ್ಲ ಸರಿಯೆಂದು ತಿಳಿಸಿತು. ಕರ್ನಲ್ ನವೀಕರಣವಾದಾಗಲೆಲ್ಲ ಹೊಸ ಕಡತ ಮತ್ತೆ ಹಳೆಯ ಬಿಗಿಯಲ್ಲೇ ಬರುತ್ತದೆ. ಅದನ್ನು ನಾನು ಒಂದೆರಡು ಸಲ ಮರೆತು, ಎರಡೂ ಸಲ ಮೊದಲಿನಿಂದ ತಲೆ ಕೆರೆದುಕೊಂಡಿದ್ದೇನೆ.

ಇಮೇಜನ್ನು ಮುಟ್ಟುವ ಮೊದಲು ಎರಡು ಕೆಲಸ ಮಾಡಿದೆ. ಯಂತ್ರ ನಿಜವಾಗಿಯೂ ಆರಿದೆಯೇ ಎಂದು ವರ್ಚುವಲ್ ಯಂತ್ರಗಳನ್ನು ನಿರ್ವಹಿಸುವ ವರ್ಶ್ ಆಜ್ಞೆಯ ಪಟ್ಟಿಯಲ್ಲಿ ನೋಡಿದೆ, ಏಕೆಂದರೆ ಓಡುತ್ತಿರುವ ಯಂತ್ರದ ಡಿಸ್ಕನ್ನು ಇನ್ನೊಂದು ಕರ್ನಲ್ ಬರೆಯುವ ಹಕ್ಕಿನೊಂದಿಗೆ ತೆರೆದರೆ ಕಡತ ವ್ಯವಸ್ಥೆ ಹಾಳಾಗುವುದು ಬಹುಮಟ್ಟಿಗೆ ಖಚಿತ. ಒಂದೇ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ಹೇಳದೆ ಬರೆದಂತೆ ಅದು. ಓದಲು ಮಾತ್ರ ತೆರೆದರೆ ಹಾನಿಯಿಲ್ಲ, ಆದರೆ ಕಾಣುವುದು ಅರೆಬರೆ ಚಿತ್ರವಾಗಿರಬಹುದು. ಎರಡನೆಯದಾಗಿ, ಮೂಲ ಇಮೇಜನ್ನು ಆಧಾರವಾಗಿಟ್ಟುಕೊಂಡು ಕ್ಯೂಇಎಂಯು-ಇಮೇಜ್ ಆಜ್ಞೆಯಿಂದ ಮೇಲ್ಪದರದ ಒಂದು ಹೊಸ ಕ್ಯೂಕೌ2 ಕಡತವನ್ನು ಸೃಷ್ಟಿಸಿದೆ. ಇನ್ನು ಮುಂದಿನ ಬರವಣಿಗೆಯೆಲ್ಲ ಆ ಮೇಲ್ಪದರಕ್ಕೆ ಮಾತ್ರ ಹೋಗುತ್ತದೆ, ಕೆಟ್ಟರೆ ಅದನ್ನು ಎಸೆದರಾಯಿತು. ಮೂಲವನ್ನು ಮಾತ್ರ ಆ ಹೊತ್ತಿನಲ್ಲಿ ಯಾರೂ ಮುಟ್ಟಬಾರದು. ಆಧಾರ ಕಡತದ ರೂಪವನ್ನು ಸ್ಪಷ್ಟವಾಗಿ ನಮೂದಿಸುವುದು ಒಳ್ಳೆಯದು. ವಿಶೇಷವಾಗಿ ಕಚ್ಚಾ ರೂಪದ ಇಮೇಜುಗಳಲ್ಲಿ ರೂಪವನ್ನು ತಾನೇ ಊಹಿಸಲು ಉಪಕರಣಕ್ಕೆ ಬಿಟ್ಟರೆ, ಒಳಗಿರುವ ದುಷ್ಟನೊಬ್ಬ ಡಿಸ್ಕಿನ ಆರಂಭದಲ್ಲಿ ಕ್ಯೂಕೌ2 ತಲೆಬರಹವನ್ನು ಬರೆದು ಆತಿಥೇಯದ ಬೇರೆ ಕಡತವನ್ನೇ ಆಧಾರವೆಂದು ತೋರಿಸಬಲ್ಲ.

ನಂತರ ‘ಗೆಸ್ಟ್‌ಫಿಶ್ --ಆರ್‌ಒ -ಎ ಮೇಲ್ಪದರ -ಐ’ ಎಂದು ಓದುವ ವಿಧಾನದಲ್ಲಿ ತೆರೆದೆ. ಕೊನೆಯ ‘-ಐ’ ಆಯ್ಕೆ ಇಮೇಜನ್ನು ಪರಿಶೀಲಿಸಿ, ಒಳಗಿರುವ ಕಾರ್ಯಾಚರಣ ವ್ಯವಸ್ಥೆ ಯಾವುದೆಂದು ಗುರುತಿಸಿ, ಆ ಯಂತ್ರ ತಾನೇ ಬೂಟ್ ಆಗಿದ್ದರೆ ಹೇಗೆ ಮೌಂಟ್ ಮಾಡಿಕೊಳ್ಳುತ್ತಿತ್ತೋ ಹಾಗೆಯೇ ಎಲ್ಲವನ್ನೂ ಮೌಂಟ್ ಮಾಡಿ ಕೊಡುತ್ತದೆ. ಅದಿಲ್ಲದಿದ್ದರೆ ‘ರನ್’ ಕೊಟ್ಟು, ‘ಲಿಸ್ಟ್-ಫೈಲ್‌ಸಿಸ್ಟಮ್ಸ್’ ನೋಡಿ, ಒಂದೊಂದನ್ನೇ ಕೈಯಾರೆ ‘ಮೌಂಟ್’ ಮಾಡಬೇಕು. ಮೀನಿನ ಆಕಾರದ ಪ್ರಾಂಪ್ಟ್ ಬಂತು. ಅಭ್ಯಾಸಬಲದಿಂದ ‘ಸಿಡಿ /ಇಟಿಸಿ’ ಎಂದು ಹೊಡೆದೆ. ಅಂಥ ಆಜ್ಞೆಯೇ ಇಲ್ಲ. ಗೆಸ್ಟ್‌ಫಿಶ್‌ನಲ್ಲಿ ‘ಈಗಿರುವ ಡೈರೆಕ್ಟರಿ’ ಎಂಬ ಕಲ್ಪನೆಯೇ ಇಲ್ಲ, ಪ್ರತಿ ಹಾದಿಯನ್ನೂ ಮೂಲದ ‘/’ ಗೆರೆಯಿಂದಲೇ ಬರೆಯಬೇಕು. ನಕ್ಷತ್ರ ಚಿಹ್ನೆಯೂ ತಾನಾಗಿ ವಿಸ್ತರಿಸುವುದಿಲ್ಲ, ಆಜ್ಞೆಯ ಮುಂದೆ ‘ಗ್ಲಾಬ್’ ಎಂಬ ಪದವನ್ನು ಸೇರಿಸಬೇಕು. ಅತಿಥಿ ಯಂತ್ರ ತನ್ನ ಡಿಸ್ಕನ್ನು ವಿಡಿಎ ಎಂದು ಕರೆಯುತ್ತಿದ್ದರೂ ಇಲ್ಲಿ ಅದು ಎಸ್‌ಡಿಎ ಆಗಿ ಕಾಣುತ್ತದೆ. ಮೊದಲ ನೋಟಕ್ಕೆ ಬೇರೆ ಇಮೇಜನ್ನೇ ತೆರೆದೆನೇನೋ ಎಂದು ಗಾಬರಿಯಾಗಿತ್ತು.

ಎಫ್‌ಎಸ್‌ಟ್ಯಾಬನ್ನು ‘ಕ್ಯಾಟ್’ ಮಾಡಿ, ಅದರಲ್ಲಿರುವ ಪ್ರತಿ ಯುಯುಐಡಿಯನ್ನೂ ‘ವಿಎಫ್‌ಎಸ್-ಯುಯುಐಡಿ’ ಆಜ್ಞೆ ಕೊಡುವ ಉತ್ತರದೊಂದಿಗೆ ಹೋಲಿಸಿದೆ. ಮೂರನೆಯ ಸಾಲಿನ ಯುಯುಐಡಿಗೆ ಜೋಡಿ ಸಿಗಲಿಲ್ಲ. ಹೊರಬಂದು, ‘--ಆರ್‌ಒ’ ಬದಲು ‘--ಆರ್‌ಡಬ್ಲ್ಯೂ’ ಕೊಟ್ಟು ಮತ್ತೆ ತೆರೆದು, ‘ವಿಐ /ಇಟಿಸಿ/ಎಫ್‌ಎಸ್‌ಟ್ಯಾಬ್’ ಎಂದೆ. ಈ ಆಜ್ಞೆ ಕಡತವನ್ನು ಹೊರಗೆ ಇಳಿಸಿಕೊಂಡು, ನನ್ನ ಕಂಪ್ಯೂಟರಿನ ಸಂಪಾದಕದಲ್ಲಿ ತೆರೆದು, ಉಳಿಸಿದ ಮೇಲೆ ಒಳಗೆ ಏರಿಸುತ್ತದೆ. ಸಾಲನ್ನು ಅಳಿಸುವ ಬದಲು ಅದರ ಮುಂದೆ ಹ್ಯಾಶ್ ಚಿಹ್ನೆ ಇಟ್ಟೆ. ಎಂದಾದರೂ ಆ ಡಿಸ್ಕನ್ನು ಮತ್ತೆ ಜೋಡಿಸುವುದಾದರೆ ಇರಲೆಂದು ಆಯ್ಕೆಗಳ ಸಾಲಿಗೆ, ಡಿಸ್ಕ್ ಸಿಗದಿದ್ದರೂ ಬೂಟ್ ಮುಂದುವರಿಯಲಿ ಎನ್ನುವ ‘ನೋಫೇಲ್’ ಸೇರಿಸಿದೆ. ಅದು ಮೊದಲೇ ಇದ್ದಿದ್ದರೆ ಈ ಬರಹವೇ ಹುಟ್ಟುತ್ತಿರಲಿಲ್ಲ.

ಅದೇ ಕೂತಲ್ಲಿ ಕೀಲಿಯ ಕೆಲಸವನ್ನೂ ಮುಗಿಸಿಬಿಡೋಣವೆಂದು, ರೂಟ್ ಖಾತೆಯ ಖಾಲಿಯಿದ್ದ .ಎಸ್‌ಎಸ್‌ಎಚ್ ಡೈರೆಕ್ಟರಿಗೆ ನನ್ನ ಸಾರ್ವಜನಿಕ ಕೀಲಿಯನ್ನು ‘ಅಪ್‌ಲೋಡ್’ ಮಾಡಿ, ಆಥರೈಸ್ಡ್_ಕೀಸ್ ಎಂದು ಹೆಸರಿಟ್ಟು, ಒಡೆಯನಿಗೆ ಮಾತ್ರ ಓದುವ, ಬರೆಯುವ ಅನುಮತಿ ಇರಲೆಂದು ‘ಚ್‌ಮೋಡ್ 600’ ಕೊಟ್ಟೆ. ಮೇಲ್ಪದರದಿಂದ ಯಂತ್ರವನ್ನು ಬೂಟ್ ಮಾಡಿದೆ. ಲಾಗಿನ್ ಪರದೆ ಚಕ್ಕನೆ ಬಂತು. ಎಸ್‌ಎಸ್‌ಎಚ್ ಮಾತ್ರ ಕೀಲಿಯನ್ನು ನಿರಾಕರಿಸಿತು.

ಯಂತ್ರವನ್ನು ಆರಿಸಿ, ಮತ್ತೆ ಓದುವ ವಿಧಾನದಲ್ಲಿ ಒಳಹೊಕ್ಕು ಆಡಿಟ್ ಲಾಗನ್ನು ನೋಡಿದಾಗ ಎಸ್‌ಇಲಿನಕ್ಸ್ (ಕಡತಗಳ ಲೇಬಲ್ ನೋಡಿ ಬಳಕೆಯನ್ನು ನಿಯಂತ್ರಿಸುವ ಭದ್ರತಾ ವ್ಯವಸ್ಥೆ) ತಡೆದಿರುವುದು ಕಂಡಿತು. ಇಲ್ಲಿಯೂ ಆ ಪುಟ್ಟ ಯಂತ್ರದ ಚಿತ್ರವನ್ನೇ ನೆನೆಯಬೇಕು: ಅಪ್ಲಯನ್ಸಿನಲ್ಲಿ ಅತಿಥಿ ಯಂತ್ರದ ಎಸ್‌ಇಲಿನಕ್ಸ್ ನೀತಿ ಲೋಡ್ ಆಗಿರುವುದಿಲ್ಲ, ಆದ್ದರಿಂದ ಅಲ್ಲಿ ಹೊಸದಾಗಿ ಹುಟ್ಟಿದ ಕಡತಕ್ಕೆ ಲೇಬಲ್ಲೇ ಅಂಟುವುದಿಲ್ಲ. ಲೇಬಲ್ ಇಲ್ಲದ ಕಡತವನ್ನು ಎಸ್‌ಎಸ್‌ಎಚ್ ಡೀಮನ್ ಓದಲು ನೀತಿ ಬಿಡದು. ಮೂಲ ಡೈರೆಕ್ಟರಿಯಲ್ಲಿ ‘ಟಚ್ /.ಆಟೊರೀಲೇಬಲ್’ ಎಂದು ಒಂದು ಖಾಲಿ ಕಡತವನ್ನಿಟ್ಟು ಬೂಟ್ ಮಾಡಿದರೆ ಯಂತ್ರ ತನ್ನ ಎಲ್ಲ ಕಡತಗಳಿಗೂ ಲೇಬಲ್ ಹಚ್ಚಿ, ತಾನೇ ಇನ್ನೊಮ್ಮೆ ಬೂಟ್ ಆಗುತ್ತದೆ. ಹಾಗೆಯೇ ಮಾಡಿದೆ, ಕೆಲವು ನಿಮಿಷ ಕಾದೆ. ಕೀಲಿ ಮತ್ತೆ ನಿರಾಕರಣೆಯಾಯಿತು.

ಈ ಸಲ ಲಾಗಿನಲ್ಲಿ ಇದ್ದುದು ಬೇರೆ ದೂರು: ಕಡತದ ಒಡೆತನ ಅಥವಾ ಅನುಮತಿ ಸರಿಯಿಲ್ಲ. ‘ಎಲ್‌ಎಲ್’ ಆಜ್ಞೆಯಿಂದ ಆ ಡೈರೆಕ್ಟರಿಯನ್ನು ನೋಡಿದಾಗ ಕಂಡ ಅನುಮತಿಗಳ ಸಾಲು ಹಿಂದೆಂದೂ ಕಂಡರಿಯದಂತಿತ್ತು. ಒಡೆಯನಿಗೆ ಓದುವ ಅನುಮತಿಯೇ ಇರಲಿಲ್ಲ, ಗುಂಪಿಗೆ ಬರೆಯುವ ಅನುಮತಿಯಿತ್ತು, ಕೊನೆಯಲ್ಲಿ ಸ್ಟಿಕಿ ಬಿಟ್ಟಿನ ಗುರುತು ಬೇರೆ. ಹಲವು ನಿಮಿಷ ಅದನ್ನೇ ದಿಟ್ಟಿಸಿದ ಮೇಲೆ ಹೊಳೆಯಿತು. ಸಾಮಾನ್ಯ ಶೆಲ್ಲಿನಲ್ಲಿ ಚ್‌ಮೋಡ್‌ಗೆ ಕೊಡುವ ಅಂಕಿ ಯಾವಾಗಲೂ ಅಷ್ಟಮಾನದ್ದು. ಗೆಸ್ಟ್‌ಫಿಶ್‌ನಲ್ಲಿ ಮುಂದೆ ಸೊನ್ನೆ ಇಲ್ಲದಿದ್ದರೆ ಅದನ್ನು ದಶಮಾನದ ಅಂಕಿಯೆಂದೇ ಎಣಿಸಲಾಗುತ್ತದೆ. ದಶಮಾನದ 600 ಅಷ್ಟಮಾನದಲ್ಲಿ 1130. ಗುಂಪಿಗೆ ಬರೆಯಲು ಬರುವ ಕೀಲಿ ಕಡತವನ್ನು ಎಸ್‌ಎಸ್‌ಎಚ್ ನಂಬದಿರುವುದು ನ್ಯಾಯವೇ ಸರಿ. ‘ಚ್‌ಮೋಡ್ 0600’ ಎಂದು ಒಂದು ಸೊನ್ನೆ ಸೇರಿಸಿದೆ, ಬೂಟ್ ಮಾಡಿದೆ, ಒಳಹೋದೆ. ಕೈಪಿಡಿಯಲ್ಲಿ ಚ್‌ಮೋಡ್ ವಿವರಣೆಯ ಕೆಳಗೇ ಈ ಎಚ್ಚರಿಕೆ ಬರೆದಿದೆ, ಚ್‌ಮೋಡಿಗೆ ಯಾರು ಕೈಪಿಡಿ ತೆರೆಯುತ್ತಾರೆ?

ಹಿಂದಿರುಗಿ ನೋಡಿದರೆ ಕೀಲಿಯ ಮಟ್ಟಿಗೆ ನಾನು ಗೆಸ್ಟ್‌ಫಿಶ್‌ಗೆ ಕೈ ಹಾಕಬೇಕಾಗಿಯೇ ಇರಲಿಲ್ಲ. ಅದೇ ಕುಟುಂಬದ ವರ್ಟ್-ಕಸ್ಟಮೈಸ್ ಆಜ್ಞೆಗೆ ‘--ಎಸ್‌ಎಸ್‌ಎಚ್-ಇಂಜೆಕ್ಟ್’ ಎಂಬ ಆಯ್ಕೆಯಿದೆ. ಕೀಲಿಯನ್ನು ಸೇರಿಸುವುದು, ಅನುಮತಿಗಳನ್ನು ಸರಿಯಾಗಿಡುವುದು ಅದರ ಹೊಣೆ, ‘--ಎಸ್‌ಇಲಿನಕ್ಸ್-ರೀಲೇಬಲ್’ ಜೊತೆಗಿದ್ದರೆ ಲೇಬಲ್ಲಿನ ಚಿಂತೆಯೂ ಇಲ್ಲ. ಒಂದು ಕಡತವನ್ನಷ್ಟೇ ತಿದ್ದಲು ವರ್ಟ್-ಎಡಿಟ್, ನೋಡಲು ವರ್ಟ್-ಕ್ಯಾಟ್, ಲಾಗುಗಳಿಗೆ ವರ್ಟ್-ಲಾಗ್ ಇವೆ. ಆದರೂ ಏನು ಕೆಟ್ಟಿದೆಯೆಂದು ಗೊತ್ತಿಲ್ಲದ ಇಮೇಜಿನೊಳಗೆ ತಡಕಾಡುವಾಗ ಗೆಸ್ಟ್‌ಫಿಶ್ ಪ್ರಾಂಪ್ಟೇ ನನಗೆ ಅನುಕೂಲ, ಏಕೆಂದರೆ ಪ್ರತಿ ಪ್ರಶ್ನೆಗೂ ಅಪ್ಲಯನ್ಸನ್ನು ಹೊಸದಾಗಿ ಬೂಟ್ ಮಾಡುವ ಕಾಯುವಿಕೆ ಅಲ್ಲಿರುವುದಿಲ್ಲ. ಎರಡು ದಿನ ಯಂತ್ರವನ್ನು ಓಡಿಸಿ ನೋಡಿ, ಆರಿಸಿ, ‘ಕ್ಯೂಇಎಂಯು-ಇಮೇಜ್ ಕಮಿಟ್’ ಕೊಟ್ಟು ಮೇಲ್ಪದರದ ಬದಲಾವಣೆಗಳನ್ನು ಮೂಲಕ್ಕೆ ಇಳಿಸಿದೆ.

ಆ ಉತ್ಸಾಹದಲ್ಲೇ ಇದೇ ಇಮೇಜಿನ ನಾಲ್ಕು ಪ್ರತಿಗಳನ್ನು ಮಾಡಿ, ಪ್ರತಿಯೊಂದರಲ್ಲೂ ಹೋಸ್ಟ್ ಹೆಸರನ್ನು ಬದಲಿಸಿ, ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳನ್ನು ಅಳಿಸುವ ಗೆಸ್ಟ್‌ಫಿಶ್ ಸ್ಕ್ರಿಪ್ಟೊಂದನ್ನು ಬರೆದೆ. ಸ್ಕ್ರಿಪ್ಟಿನಲ್ಲಿ ಮೊದಲ ದೋಷಕ್ಕೇ ಗೆಸ್ಟ್‌ಫಿಶ್ ನಿಲ್ಲುತ್ತದೆ. ವಿಫಲವಾದರೂ ಚಿಂತೆಯಿಲ್ಲ ಎನ್ನುವ ಆಜ್ಞೆಯ ಮುಂದೆ ಒಂದು ಅಡ್ಡಗೆರೆ (-) ಇಟ್ಟರೆ ಅದನ್ನು ಮನ್ನಿಸಿ ಮುಂದೆ ಹೋಗುತ್ತದೆ. ಸ್ಕ್ರಿಪ್ಟ್ ಸರಿಯಾಗಿ ಓಡಿತು, ನಾಲ್ಕು ಯಂತ್ರಗಳೂ ಎದ್ದವು, ನಾಲ್ಕಕ್ಕೂ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಒಂದೇ ಐಪಿ ವಿಳಾಸ ಬಂತು. ಅತಿಥಿಯೊಳಗಿನ ಸಿಸ್ಟಮ್‌ಡಿಯ ನೆಟ್‌ವರ್ಕ್ ಸೇವೆ ಡಿಎಚ್‌ಸಿಪಿಗೆ ಹೇಳುವ ತನ್ನ ಗುರುತನ್ನು /ಇಟಿಸಿ/ಮಷೀನ್-ಐಡಿ ಕಡತದಿಂದ ರೂಪಿಸಿಕೊಳ್ಳುತ್ತದೆ, ಅದನ್ನು ಬರಿದುಮಾಡಲು ನಾನು ಮರೆತಿದ್ದೆ. ಅದಕ್ಕೊಂದು ಸಾಲು ಸೇರಿಸಲು ಹೊರಟವನು ಈ ಸಲ ಕೈಪಿಡಿಯನ್ನೇ ಮೊದಲು ತೆರೆದು, ವರ್ಟ್-ಸಿಸ್‌ಪ್ರೆಪ್ ಎಂಬ ಆಜ್ಞೆ ಹೋಸ್ಟ್ ಕೀಲಿ, ಮಷೀನ್-ಐಡಿ, ಹಳೆಯ ಲಾಗು ಎಲ್ಲವನ್ನೂ ಒಂದೇ ಸಲಕ್ಕೆ ತೊಳೆಯುತ್ತದೆ ಎಂದು ಓದಿ, ನನ್ನ ಸ್ಕ್ರಿಪ್ಟನ್ನು ಅಳಿಸಿಹಾಕಿದೆ.